ಮಾವನ ಎರಡು ಬೆರಳು ಮತ್ತು ಪ್ಲೇನಿಂಗ್ ಮಿಷನ್ನಿನ ಇತಿಹಾಸ

ನನ್ನ ಸೋದರಮಾವನ ಎಡಗೈಯಲ್ಲಿ ಮೂರೇ ಬೆರಳು. ಚಿಕ್ಕಂದಿನಲ್ಲಿ ರಜಕ್ಕೆ ಹೋದಾಗ ನಾವು ಮಕ್ಕಳೆಲ್ಲ ಕದ್ದು ಕದ್ದು ಆ ಕೈಯನ್ನೇ ನೋಡ್ತಿದ್ವಿ. ಏನಾಯ್ತು ಮಾವ ಅಂತ ಕೇಳಿದರೆ ಪ್ರತಿ ಸಲವೂ ಒಂದೇ ಉತ್ತರ: "ನನ್ನದೇ ತಪ್ಪು ಕಣೋ, ಗಮನ ಎಲ್ಲೋ ಇತ್ತು."

ಅದು 1986ರಲ್ಲಿ ಆದದ್ದು. ಮಾವನದ್ದು ಮೂರು ಜನ ಕೆಲಸ ಮಾಡುವ ಮರಗೆಲಸದ ಶೆಡ್ಡು. ಅಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಒಂದು ಪ್ಲೇನಿಂಗ್ ಮಿಷನ್ ಇತ್ತು. ಮೇಲಿನ ಮೇಜಿನಲ್ಲಿ ಹಲಗೆಯನ್ನು ಕೈಯಿಂದ ತಳ್ಳಿ ಒಂದು ಮುಖ ನೇರ ಮಾಡಿಕೊಳ್ಳೋದು, ಆಮೇಲೆ ಅದೇ ಹಲಗೆಯನ್ನು ಕೆಳಗಿನ ಮೇಜಿಗೆ ಕೊಟ್ಟರೆ ಉರುಳೆಗಳು ಅದನ್ನು ಎಳೆದುಕೊಂಡು ಉದ್ದಕ್ಕೂ ಒಂದೇ ದಪ್ಪಕ್ಕೆ ಕೀಸಿ ಹೊರಗೆ ಹಾಕೋದು. ಈ ಎರಡನೆಯದೇ ಥಿಕ್‌ನೆಸ್ ಪ್ಲೇನರ್. ಎರಡಕ್ಕೂ ನಡುವೆ ತಿರುಗುವ ಅಲಗಿನ ಬ್ಲಾಕ್ ಒಂದೇ.

ಹೋದ ವರ್ಷ ನಾನೂ ಹವ್ಯಾಸಕ್ಕೆ ಅಂತ ಒಂದು ಪುಟ್ಟ ಥಿಕ್‌ನೆಸ್ ಪ್ಲೇನರ್ ತಗೊಂಡೆ. ಎರಡನೇ ದಿನವೇ ಒಂಬತ್ತು ಇಂಚಿನ ಸಾಗುವಾನಿ ತುಂಡೊಂದು ಒಳಗೆ ಹೋದ ದಾರಿಯಲ್ಲೇ ವಾಪಸ್ ಬಂದು ನನ್ನ ಸೊಂಟದ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. ಗಾರೆ ಉದುರಿತು. ಹೆದರಿಕೆಯಿಂದ ಶುರುವಾದ ಓದು ಎಲ್ಲೆಲ್ಲಿಗೋ ಕರೆದುಕೊಂಡು ಹೋಯ್ತು.

ಕಥೆ ಇಂಗ್ಲೆಂಡಿನಲ್ಲಿ ಶುರುವಾಗುತ್ತೆ. ಸ್ಯಾಮ್ಯುಯೆಲ್ ಬೆಂಥಮ್ ಅನ್ನುವವನು 1791ರಲ್ಲಿ ಮರ ಕೀಸುವ ಯಂತ್ರಕ್ಕೆ ಪೇಟೆಂಟ್ ಪಡೆದ. 1793ರಲ್ಲಿ ಇನ್ನೂ ಹಲವು ಮರಗೆಲಸದ ಯಂತ್ರಗಳನ್ನು ಸೇರಿಸಿ ಮತ್ತೊಂದು ಪೇಟೆಂಟ್. ಇವನ ಅಣ್ಣ ಜೆರೆಮಿ ಬೆಂಥಮ್, ಅದೇ ಪ್ಯಾನಾಪ್ಟಿಕಾನ್ ಎಂಬ ಜೈಲಿನ ಯೋಜನೆ ಹಾಕಿದ ತತ್ವಜ್ಞಾನಿ. ತಮ್ಮನ ಯಂತ್ರಗಳನ್ನು ಅಣ್ಣನ ಜೈಲಿನ ಕೈದಿಗಳು ನಡೆಸಬೇಕು ಅನ್ನೋದು ಲೆಕ್ಕಾಚಾರ. ಅಂದರೆ ಕೆಲಸ ಬಾರದವನೂ ನಡೆಸಬಲ್ಲ ಯಂತ್ರ! ಹತ್ತು ವರ್ಷ ಹತ್ತರಿ ತಳ್ಳಿ ಕೈ ಪಳಗಿಸಿಕೊಂಡ ಬಡಗಿ ಬೇಕಾಗಿಲ್ಲ. ನನಗೆ ಇದು ಓದಿ ಸ್ವಲ್ಪ ಬೇಜಾರೇ ಆಯ್ತು. ಕೆಲಸ ಬಾರದವನ ಕೈ ಎಲ್ಲಿಗೆ ಹೋಗಬಾರದು ಅಂತ ಯಾರು ಹೇಳಿಕೊಡೋದು?

1802ರಲ್ಲಿ ಜೋಸೆಫ್ ಬ್ರಾಮಾ ಇನ್ನೊಂದು ಬಗೆಯ ಯಂತ್ರ ಮಾಡಿದ. ಆದರೆ ಇವತ್ತಿನ ಥಿಕ್‌ನೆಸ್ ಪ್ಲೇನರಿನ ಮುತ್ತಾತ ಅನ್ನಬಹುದಾದದ್ದು ಅಮೆರಿಕದಲ್ಲಿ ಹುಟ್ಟಿತು. ನ್ಯೂಯಾರ್ಕ್ ರಾಜ್ಯದ ಪಕೀಪ್ಸಿ ಊರಿನ ವಿಲಿಯಂ ವುಡ್‌ವರ್ತ್ 1828ರ ಡಿಸೆಂಬರಿನಲ್ಲಿ ಪಡೆದ ಪೇಟೆಂಟ್ ಅದು. ತಿರುಗುವ ಅಲಗು, ಜೊತೆಗೆ ಹಲಗೆಯನ್ನು ಒತ್ತಿ ಹಿಡಿದು ಮುಂದೆ ಸಾಗಿಸುವ ಉರುಳೆ. ನೆಲಕ್ಕೆ ಹಾಸುವ ಹಲಗೆಗೆ ಅಲ್ಲಿ ವಿಪರೀತ ಬೇಡಿಕೆ. ಹದಿನಾಲ್ಕು ವರ್ಷಕ್ಕೆ ಮುಗಿಯಬೇಕಾಗಿದ್ದ ಪೇಟೆಂಟನ್ನು ಎರಡು ಸಲ ವಿಸ್ತರಿಸಿಕೊಂಡು 1856ರವರೆಗೆ ಎಳೆದರು. ಕೋರ್ಟು ಕೇಸುಗಳಿಗೆ ಲೆಕ್ಕವಿಲ್ಲ. ಅಷ್ಟು ಜಗಳವೂ ದುಡ್ಡಿಗೆ.

ಈಗ ಮಾವನ ಬೆರಳಿನ ವಿಷಯಕ್ಕೆ ಬರ್ತೀನಿ. ಹಳೆಯ ಮಿಷನ್ನುಗಳಲ್ಲಿ ಅಲಗು ಕೂರಿಸುವ ಬ್ಲಾಕ್ ಚೌಕವಾಗಿರ್ತಿತ್ತು. ಚೌಕದ ಕಬ್ಬಿಣಕ್ಕೆ ಅಲಗನ್ನು ಬೋಲ್ಟ್ ಹಾಕಿ ಬಿಗಿಯೋದು ಸುಲಭ, ಅದಕ್ಕೆ. ಆದರೆ ಚೌಕ ತಿರುಗುವಾಗ ಏನಾಗುತ್ತೆ ನೋಡಿ. ಮೂಲೆ ಬಂದಾಗ ಮೇಜಿನ ಅಂಚಿಗೆ ಹತ್ತಿರ, ಮಟ್ಟಸ ಭಾಗ ಬಂದಾಗ ದೊಡ್ಡ ಸಂದು. ಕಣ್ಣಿಗೆ ಕಾಣಲ್ಲ, ಬರೀ ಮಬ್ಬು. ಮರದ ಗಂಟು ಸಿಕ್ಕಿ ಹಲಗೆ ಹಾರಿದರೆ, ಅದನ್ನು ಒತ್ತಿ ಹಿಡಿದಿದ್ದ ಕೈ ನೇರವಾಗಿ ಆ ಸಂದಿಗೆ ಬೀಳುತ್ತೆ. ಹಿಂದೆಯೇ ಬರುವ ಮೂಲೆ ಬೆರಳನ್ನು ಬುಡದವರೆಗೂ ಎಳೆದುಕೊಳ್ಳುತ್ತೆ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಜರ್ಮನಿಯಲ್ಲಿ ಈ ಬ್ಲಾಕನ್ನು ದುಂಡಗೆ ಮಾಡಿದರು. ಇಷ್ಟೇ ಬದಲಾವಣೆ. ದುಂಡು ಕಬ್ಬಿಣ ಆ ಸಂದನ್ನು ತುಂಬಿಬಿಡುತ್ತೆ, ಅಲಗು ಒಂದು ಮಿಲಿಮೀಟರಿನ ಆಸುಪಾಸು ಮಾತ್ರ ಹೊರಗೆ ಇರುತ್ತೆ. ಕೈ ಬಿದ್ದರೂ ಚರ್ಮ ಹೋಗುತ್ತೆ, ಬೆರಳಿನ ತುದಿ ಹೋಗಬಹುದು, ಕೈ ಒಳಗೆ ಹೋಗಲ್ಲ. ಬ್ರಿಟನ್ನಿನ 1922ರ ಮರಗೆಲಸ ಯಂತ್ರ ನಿಯಮಗಳು ಇದನ್ನು ಕಡ್ಡಾಯ ಮಾಡಿದವು. ಕೈಯಿಂದ ತಳ್ಳಿ ಕೀಸುವ ಮಿಷನ್ನಿಗೆ ದುಂಡು ಬ್ಲಾಕೇ ಇರಬೇಕು ಅಂತ. ನಮ್ಮಲ್ಲೂ ಹಲವು ರಾಜ್ಯಗಳ ಕಾರ್ಖಾನೆ ನಿಯಮಗಳಿಗೆ ಹೆಚ್ಚುಕಮ್ಮಿ ಅದೇ ವಾಕ್ಯ ಬಂತು.

ಮಾವನ ಮಿಷನ್ನಿನಲ್ಲಿ ಇದ್ದದ್ದು ಚೌಕದ ಬ್ಲಾಕು. 1986ರಲ್ಲಿ!

ನಿಯಮ ಇತ್ತು, ಶೆಡ್ಡಿಗೆ ಬರಲಿಲ್ಲ. 1948ರ ಕಾರ್ಖಾನೆ ಕಾಯ್ದೆ ಪ್ರಕಾರ ಕರೆಂಟ್ ಬಳಸುವ ಕಡೆ ಹತ್ತು ಜನ ಇದ್ದರೆ ಅದು ಕಾರ್ಖಾನೆ. ಮೂರು ಜನ ಇದ್ದರೆ ಸಾಮಾನ್ಯವಾಗಿ ಯಾವ ಇನ್‌ಸ್ಪೆಕ್ಟರೂ ಬಾಗಿಲು ತಟ್ಟಲ್ಲ. (2020ರ ಹೊಸ ಸಂಹಿತೆಯಲ್ಲಿ ಹತ್ತು ಹೋಗಿ ಇಪ್ಪತ್ತಾಗಿದೆ. ಬೆರಳುಗಳ ಸಂಖ್ಯೆ ಮಾತ್ರ ಹತ್ತೇ.)

ಥಿಕ್‌ನೆಸ್ ಪ್ಲೇನರಿನ ಅಪಾಯ ಬೇರೆ ಥರದ್ದು. ಅಲ್ಲಿ ಅಲಗು ಒಳಗಿರುತ್ತೆ, ಉರುಳೆ ಎಳೆಯುತ್ತೆ, ಕೈಗೆ ಕೆಲಸವಿಲ್ಲ. ಆದರೆ ಬ್ಲಾಕ್ ತಿರುಗೋದು ಮರ ಬರುವ ದಿಕ್ಕಿಗೆ ಎದುರಾಗಿ. ಉರುಳೆಯ ಹಿಡಿತ ತಪ್ಪಿದರೆ ಮರವನ್ನು ನಮ್ಮ ಕಡೆಗೇ ಒದೆಯುತ್ತೆ. ನನ್ನ ಒಂಬತ್ತು ಇಂಚಿನ ತುಂಡು ಮಾಡಿದ್ದು ಇದನ್ನೇ. ಎರಡು ಉರುಳೆಗಳ ನಡುವಿನ ಅಂತರಕ್ಕಿಂತ ಅದು ಗಿಡ್ಡ, ಒಂದು ಬಿಟ್ಟಿತು, ಇನ್ನೊಂದು ಹಿಡಿಯಲಿಲ್ಲ. ಹಳೆಯ ಮಿಷನ್ನಿನ ಒಂದೇ ಅಖಂಡ ಉರುಳೆಗೆ ಎರಡು ದಪ್ಪದ ಹಲಗೆ ಒಟ್ಟಿಗೆ ಕೊಟ್ಟರೂ ಹೀಗೆಯೇ. ದಪ್ಪದ್ದನ್ನು ಹಿಡಿಯುತ್ತೆ, ತೆಳುವಾದದ್ದು ಸಡಿಲ. ಅದಕ್ಕೇ ಆಮೇಲೆ ತುಂಡು ತುಂಡಾದ ಉರುಳೆ ಬಂತು, ವಾಪಸ್ ಬರುವ ಮರವನ್ನು ಕಚ್ಚಿ ಹಿಡಿಯುವ ಕಬ್ಬಿಣದ ಹಲ್ಲಿನ ಸಾಲು ಬಂತು. ಬ್ರಿಟನ್ನಿನ 1974ರ ನಿಯಮಗಳಲ್ಲಿ ಇದೂ ಸೇರಿತು. ಇನ್ನು ಹೊಟ್ಟು. ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪಟ್ಟಿಗೆ ಹಾಕಿದೆ. ನಮ್ಮ ಶೆಡ್ಡುಗಳಲ್ಲಿ ಮೂಗಿಗೆ ಒಂದು ಟವೆಲ್ಲು, ಮುಗೀತು.

ಮೊನ್ನೆ ಊರಿಗೆ ಹೋದಾಗ ಕಾಗದದ ಮೇಲೆ ಚೌಕ, ಪಕ್ಕದಲ್ಲಿ ದುಂಡಗೆ ಬರೆದು ಮಾವನಿಗೆ ತೋರಿಸಿದೆ. ಮೂರು ಬೆರಳಲ್ಲೇ ಕಾಗದ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

"1922 ಅಂದ್ರೆ ನಮ್ಮಪ್ಪ ಇನ್ನೂ ಹುಡುಗ."

"ಹೌದು ಮಾವ. ನಿಮ್ಮ ಗಮನದ್ದೊಂದೇ ತಪ್ಪಲ್ಲ ಅದು."

ಅದಕ್ಕೆ ಏನೂ ಹೇಳಲಿಲ್ಲ. ನಿನ್ನ ಮಿಷನ್ನಿಗೆ ಮರ ಕೊಡುವಾಗ ಎದುರಿಗೆ ನಿಲ್ಲಬೇಡ, ಪಕ್ಕಕ್ಕೆ ನಿಲ್ಲು, ಒಳಗೆ ಸಿಕ್ಕಿಕೊಂಡರೆ ಪ್ಲಗ್ ಕಿತ್ತು ಆಮೇಲೆ ಕೈ ಹಾಕು ಅಂದರು. ಆ ಹಳೇ ಮಿಷನ್ ಏನು ಮಾಡಿದಿರಿ ಅಂತ ಕೇಳಿದೆ.

"ಮಾರಿದೆ. ಇನ್ನೊಬ್ಬ ಬಡಗಿಗೆ."

"ಚೌಕದ ಬ್ಲಾಕ್ ಸಮೇತವಾ?"

"ಸಮೇತ," ಅಂದರು ಮಾವ, ಕಾಗದ ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾ.