ಶಿರಸ್ತ್ರಾಣವೂ ವೀರಗಲ್ಲೂ

ಯುದ್ಧವು ಮುಗಿದ ತರುವಾಯ ಅದರ ಉಪಕರಣಗಳನ್ನು ಕೂಡಿಡುವ ಹಂಬಲವು ಅನೇಕ ದೇಶಗಳಲ್ಲಿ ಉಂಟು. ಎರಡನೆಯ ಮಹಾಯುದ್ಧದ ಪ್ಯಾರಾಚೂಟ್ ಸೈನಿಕರ ಉಕ್ಕಿನ ಶಿರಸ್ತ್ರಾಣಗಳು ಇಂತಹ ಸಂಗ್ರಾಹಕರಿಗೆ ಬಹು ಪ್ರಿಯವಾದವು. ಹಗ್ಗಗಳಿಗೆ ಸಿಕ್ಕಿಕೊಳ್ಳದಿರಲೆಂದು ಜರ್ಮನರು 1938ರ ಮಾದರಿಯಲ್ಲಿ ಶಿರಸ್ತ್ರಾಣದ ಅಗಲವಾದ ಅಂಚನ್ನು ತೆಗೆದುಹಾಕಿದರು. ಅಮೆರಿಕದವರು ಗದ್ದದ ಪಟ್ಟಿಗಾಗಿ ಅರ್ಧಚಂದ್ರಾಕಾರದ ಕೊಂಡಿಗಳನ್ನು ಬೆಸೆದರು. ಅವು ಸುಲಭವಾಗಿ ಮುರಿಯುತ್ತಿದ್ದುದರಿಂದ ಬೇರೆ ಮಾದರಿಯು ಬಂದಿತು. ಹಳೆಯವು ವಿರಳವಾದಂತೆ ಬೆಲೆಯು ಏರಿತು. ಬೆಲೆಯು ಏರಿದಂತೆ, ಸಾಮಾನ್ಯ ಶಿರಸ್ತ್ರಾಣಕ್ಕೆ ಕೊಂಡಿಯನ್ನು ಬೆಸೆದು ಮಾರುವ ಮೋಸವೂ ಹುಟ್ಟಿತು. ಆದುದರಿಂದ ಬೆಸುಗೆ, ಬಣ್ಣ, ಒಳಪದರ, ಪಟ್ಟಿಯ ಹೊಲಿಗೆ ಇವೆಲ್ಲವೂ ಒಂದೇ ಕಾಲದವೇ ಎಂಬುದನ್ನು ಪರೀಕ್ಷಕರು ನೋಡುತ್ತಾರೆ. ಆದರೂ ಅದನ್ನು ಧರಿಸಿದವನು ಯಾರು, ಎಲ್ಲಿ ಹೋರಾಡಿದನು ಎಂಬುದನ್ನು ಉಕ್ಕು ತಾನಾಗಿ ಹೇಳಲಾರದು.

ಭಾರತದ 50ನೆಯ ಪ್ಯಾರಾಚೂಟ್ ಬ್ರಿಗೇಡು 1941ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾಯಿತು. ಆಕಾಶದಿಂದ ಇಳಿಯಲು ಶಿಕ್ಷಿತರಾದ ಈ ಸೈನಿಕರು 1944ರ ಮಾರ್ಚಿಯಲ್ಲಿ ಮಣಿಪುರದ ಸಾಂಗ್‌ಶಾಕಿನಲ್ಲಿ ನೆಲದ ಮೇಲೆಯೇ ಕಾದು, ಕೋಹಿಮಾದ ಕಡೆಗೆ ಹೊರಟಿದ್ದ ಜಪಾನೀಯರನ್ನು ಕೆಲವು ದಿವಸ ತಡೆದರು. ಇದು ವಿದಿತವಾಗುವುದು ವೃತ್ತಾಂತದಿಂದಲೇ ಹೊರತು ವಸ್ತುವಿನಿಂದಲ್ಲ.

ಈ ವಿವೇಚನೆಯು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೂ ಸಲ್ಲುವುದು. ಶಿರಾ ಪಟ್ಟಣವು 1638ರಲ್ಲಿ ಬಿಜಾಪುರದವರಿಗೂ 1687ರಲ್ಲಿ ಮೊಗಲರಿಗೂ ವಶವಾಯಿತು. ಮಧುಗಿರಿಯ ದುರ್ಗವನ್ನು 1767ರಲ್ಲಿ ಪೇಶ್ವೆ ಮಾಧವರಾಯನು ಹೈದರನಿಂದ ಗೆದ್ದುಕೊಂಡನು. ಚನ್ನರಾಯನದುರ್ಗ, ನಿಡುಗಲ್ಲುಗಳೂ ಇಂತಹ ಕಾಲಗಳನ್ನು ಕಂಡವು. ಇವೆಲ್ಲಕ್ಕಿಂತಲೂ ಹಳೆಯ ಯುದ್ಧಸ್ಮಾರಕಗಳು ವೀರಗಲ್ಲುಗಳು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ದೇವಸನ್ನಿಧಿ, ಇದು ಅವುಗಳ ಸಾಮಾನ್ಯ ಕ್ರಮ. ತುರುಗೊಳ್ಳುವವರನ್ನು ತಡೆದು ಮಡಿದ ಸಾಮಾನ್ಯನಿಗೂ ಇಲ್ಲಿ ಗೌರವವುಂಟು. ಬೇಲೂರು ಹಳೇಬೀಡುಗಳ ಶಿಲ್ಪವೈಭವವು ಇವುಗಳಲ್ಲಿಲ್ಲ. ಆದರೆ ಊರಿನ ನೆನಪು ಇದೆ.

ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಪ್ರತಿಯೊಂದು ಲೇಖಕ್ಕೂ ತಾಲ್ಲೂಕು, ಊರು, ಸಂಖ್ಯೆಗಳನ್ನು ಕೊಟ್ಟರು. ಕಲ್ಲಿನ ಪಾಠದಷ್ಟೇ ಅದು ನಿಂತ ನೆಲವೂ ಸಾಕ್ಷಿಯೆಂಬ ತತ್ತ್ವವು ಈ ಕ್ರಮದಲ್ಲಿ ಅಡಗಿದೆ. ಅಕ್ಷರವಿಲ್ಲದ ವೀರಗಲ್ಲಿಗಂತೂ ಆ ನೆಲವೊಂದೇ ಆಧಾರ. ಅದನ್ನು ಕಿತ್ತು ಅಂಗಳದ ಅಲಂಕಾರಕ್ಕೆ ಒಯ್ದರೆ ಕಲ್ಲು ಉಳಿಯುವುದು, ವೀರನು ಅಳಿಯುವನು. ಮೆಟ್ಟಿಲಿಗೋ ಕಾಲುವೆಯ ಹಾಸಿಗೋ ಹಾಕಿದರೆ ಎರಡೂ ಅಳಿಯುವುವು.

ಶಿರಸ್ತ್ರಾಣವನ್ನು ಕೊಳ್ಳುವವನು ಮೋಸಹೋದರೆ ನಷ್ಟವು ಅವನೊಬ್ಬನದು. ವೀರಗಲ್ಲು ತನ್ನ ಠಾವನ್ನು ಕಳೆದುಕೊಂಡರೆ ನಷ್ಟವು ಇಡೀ ಊರಿನದು. ಕಲ್ಲನ್ನು ಕದಲಿಸದೆ, ಅದರ ಸ್ಥಳವನ್ನೂ ಹಿರಿಯರ ಮಾತನ್ನೂ ಬರೆದಿಡುವುದೇ ಈ ನಾಡಿಗೆ ಉಚಿತವಾದ ಸಂಗ್ರಹ. ಅದಕ್ಕೆ ಹಣವು ಬೇಡ. ಕಾಗದವೂ ಶ್ರದ್ಧೆಯೂ ಸಾಕು.