ಇಗರ್ಜಿಯ ಮುಖಮಂಟಪ

ಮೊಂತಿ ಹಬ್ಬದಂದು ಮಳೆ ಹಿಡಿದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಹೂವಿನ ತಟ್ಟೆ ಹಿಡಿದ ಮಕ್ಕಳು ಓಡಿ ಬಂದು ನಿಲ್ಲುವುದು ಇಗರ್ಜಿಯ ಮುಂದಿನ ಪೋರ್ಟಿಕೋದಲ್ಲಿ. ಕಂಬಗಳ ಮೇಲೆ ಮಾಡು ಹೊತ್ತ ಈ ಜಾಗದ ಕಥೆ ನಮ್ಮ ಇಗರ್ಜಿಗಳಿಗಿಂತ ಬಹಳ ಹಳೆಯದು.

ಗ್ರೀಕರ ಗುಡಿಯಲ್ಲಿ ಒಳಕೋಣೆ ವಿಗ್ರಹಕ್ಕೆ ಮೀಸಲು. ಬಲಿಪೀಠ ಹೊರಗೆ ಬಯಲಿನಲ್ಲಿ, ಜನರೂ ಅಲ್ಲೇ. ಹಾಗಾಗಿ ಶಿಲ್ಪಿಗಳ ಶ್ರಮವೆಲ್ಲ ಹೊರಮುಖಕ್ಕೆ ಸಂದಿತು. ಅಥೆನ್ಸಿನ ಪಾರ್ಥೆನಾನ್ (ಕ್ರಿ.ಪೂ. 447–432) ಗುಡಿಯ ಎದುರಿಗೆ ಎಂಟು ಕಂಬಗಳು. ನಿಲ್ಲಿಸಿದ ಕಲ್ಲು ಎಷ್ಟೋ ಭಾರ ಹೊರುತ್ತದೆ. ಅಡ್ಡ ಇಟ್ಟ ಕಲ್ಲಿನ ತೊಲೆ ಉದ್ದವಾದಷ್ಟೂ ನಡುವೆ ಬಿರಿಯುತ್ತದೆ. ಅದಕ್ಕೇ ಕಂಬಗಳು ಒತ್ತೊತ್ತಾಗಿವೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು 1430ರಲ್ಲಿ ಕಟ್ಟಿದವರಿಗೂ ಇದೇ ಲೆಕ್ಕ ಗೊತ್ತಿತ್ತು. ಆದರೆ ಗ್ರೀಕರ ಸಾಲುಕಂಬಗಳು ಒಂದೇ ಅಚ್ಚಿನವು. ಇಲ್ಲಿ ಒಂದರಂತೆ ಇನ್ನೊಂದಿಲ್ಲವೆಂಬುದು ಊರವರ ಹೆಮ್ಮೆ. ಮುಂದಿನ ಭೈರಾದೇವಿ ಮಂಟಪದ ತಳಗಟ್ಟಿನಲ್ಲಿ ಜಿರಾಫೆಯ ಕೆತ್ತನೆಯೂ ಇದೆ! ಆಫ್ರಿಕದ ಪ್ರಾಣಿ ಇಲ್ಲಿಗೆ ಬಂದ ಬಗೆಗೆ ನಮಗೆ ಕಡಲ ವ್ಯಾಪಾರವೇ ನೆನಪಾಗುತ್ತದೆ. ಇಳಿಜಾರಾದ ಮಾಡು ಮಾತ್ರ ಅಪ್ಪಟ ನಮ್ಮ ಮಳೆಗಾಲದ್ದು.

ಜೆರುಸಲೇಮಿನ ಮೊದಲ ವಿಶ್ವಾಸಿಗಳು ಕೂಡುತ್ತಿದ್ದುದು 'ಸೊಲೊಮೋನನ ಮಂಟಪ'ದಲ್ಲಿ (ಪ್ರೇ.ಕಾ. 5:12). ನಾಲ್ಕನೆಯ ಶತಮಾನದಲ್ಲಿ ದೊಡ್ಡ ದೇವಾಲಯಗಳನ್ನು ಕಟ್ಟುವ ಕಾಲ ಬಂದಾಗ ಕ್ರೈಸ್ತರು ಗುಡಿಯ ಮಾದರಿಯನ್ನು ಬಿಟ್ಟು, ರೋಮನರ ನ್ಯಾಯಸಭೆ ನಡೆಯುತ್ತಿದ್ದ 'ಬಸಿಲಿಕ'ವನ್ನು ಆರಿಸಿಕೊಂಡರು. ಬಲಿಪೂಜೆಗೆ ಜನರು ಒಳಗೇ ಇರಬೇಕಲ್ಲವೇ? ಆದರೂ ಬಾಗಿಲ ಮುಂದೆ ಮಂಟಪ ಉಳಿಯಿತು. ಪ್ರಾಯಶ್ಚಿತ್ತದಲ್ಲಿದ್ದವರು ಹೊರಗೆ ನಿಂತು, ಒಳಹೋಗುವವರಲ್ಲಿ ತಮಗಾಗಿ ಪ್ರಾರ್ಥಿಸುವಂತೆ ಕಣ್ಣೀರಿಟ್ಟು ಬೇಡುತ್ತಿದ್ದರು.

ಗುಡಿಯ ಕಂಬಸಾಲೂ ಕ್ರಮೇಣ ನಮ್ಮದಾಯಿತು. ರೋಮಿನ ಪ್ಯಾಂಥಿಯನ್ ಗುಡಿಯನ್ನು 609ರಲ್ಲಿ ನಾಲ್ಕನೆಯ ಬೊನಿಫಾಸ್ ಪೋಪರು ಮಾತೆ ಮರಿಯಳಿಗೂ ರಕ್ತಸಾಕ್ಷಿಗಳಿಗೂ ಅರ್ಪಿಸಿದರು. ಈಜಿಪ್ಟಿನಿಂದ ತರಿಸಿದ, ಸುಮಾರು 12 ಮೀಟರ್ ಎತ್ತರದ 16 ಏಕಶಿಲಾ ಕಂಬಗಳ ಅದರ ಮುಖಮಂಟಪವನ್ನು ಮುಂದೆ ಯೂರೋಪಿನ ಶಿಲ್ಪಿಗಳು ಮತ್ತೆ ಮತ್ತೆ ಅನುಕರಿಸಿದರು.

ಈಗ ಕಾಂಕ್ರೀಟ್ ತೊಲೆಗೆ ಅಷ್ಟೊಂದು ಕಂಬ ಬೇಡ. ಅಂದಕ್ಕೆಂದು ನಿಲ್ಲಿಸಿ, ತಲೆಗೆ ಸಿಮೆಂಟಿನ ಎಲೆ ಅಂಟಿಸುತ್ತೇವೆ. ಇರಲಿ. ಆದರೆ ನಕ್ಷೆ ನೋಡುವಾಗ ನಾವು ಕಂಬದ ಎತ್ತರವನ್ನಷ್ಟೇ ಕೇಳುತ್ತೇವೆ, ಮಾಡಿನ ಚಾಚನ್ನು ಕೇಳುವುದಿಲ್ಲ. ಜ್ಞಾನಸ್ನಾನದ ಮಗುವನ್ನು ಗುರುಗಳು ಬರಮಾಡಿಕೊಳ್ಳುವುದು ಆ ಬಾಗಿಲಲ್ಲಿ, ಶವಪೆಟ್ಟಿಗೆಯನ್ನೂ ಅಲ್ಲೇ. ಜುಲೈಯ ಜಡಿಮಳೆಯಲ್ಲಿ ಪೆಟ್ಟಿಗೆ ಹೊತ್ತವರು, ಅವರ ಹಿಂದೆ ಮನೆಯವರು, ಇಷ್ಟು ಜನ ನೆನೆಯದೆ ನಿಲ್ಲುವಷ್ಟು ಜಾಗ ಅಲ್ಲಿರಬೇಕು.