ಬಟ್ಟೆಯ ಪುಡಿ, ಬಿಯರಿನ ಅಳತೆ, ಕೊಳದ ನೀರು

ಈಜುಕೊಳದ ಬಳಿ ಕಣ್ಣುರಿಸುವ ಘಾಟು ಬಂದರೆ ನೀರಿಗೆ ಕ್ಲೋರಿನ್ ಹೆಚ್ಚಾಗಿದೆ ಎಂದು ಮೂಗು ಮುಚ್ಚಿಕೊಳ್ಳುವವರೇ ಬಹಳ. ಸಂಗತಿ ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು. ಬೆವರು, ಮೂತ್ರಗಳ ಅಂಶದೊಡನೆ ಕ್ಲೋರಿನ್ ಕೂಡಿ ಹುಟ್ಟುವ ಕ್ಲೋರಮೈನುಗಳ ವಾಸನೆ ಅದು. ಕ್ಲೋರಿನ್ ಸಾಲುತ್ತಿಲ್ಲವೆಂಬುದರ ಗುರುತು. ಮನೆಯಲ್ಲೇ ಕೊಳ ಕಟ್ಟಿಸಿಕೊಂಡವರು ನೀರಿಗೆ ಸುರಿಯುವ ಹಣದಲ್ಲಿ ಒಂದು ಪಾಲು ಇಂತಹ ತಪ್ಪು ತಿಳಿವಳಿಕೆಗೇ ಹೋಗುತ್ತದೆ.

ಕೊಳವನ್ನು ಕಾಯುವ ವಸ್ತು ಮೊದಲು ಹುಟ್ಟಿದ್ದು ನೀರಿಗಾಗಿ ಅಲ್ಲ, ಬಟ್ಟೆಗಾಗಿ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಹೊಸ ಬಟ್ಟೆ ಬೆಳ್ಳಗಾಗಬೇಕಾದರೆ ಅದನ್ನು ಕ್ಷಾರದಲ್ಲಿ ಬೇಯಿಸಿ, ಹುಳಿ ಹಾಲಿನಲ್ಲಿ ನೆನೆಸಿ, ತಿಂಗಳುಗಟ್ಟಲೆ ಹುಲ್ಲುಗಾವಲಿನ ಬಿಸಿಲಿಗೆ ಹರಡಬೇಕಿತ್ತು. 1774ರಲ್ಲಿ ಸ್ವೀಡನ್ನಿನ ಶೀಲೆ ಕ್ಲೋರಿನ್ ಅನಿಲವನ್ನು ತಯಾರಿಸಿದ. ಅದು ಬಣ್ಣವನ್ನು ತಿನ್ನುತ್ತದೆಂಬ ಗುಣವನ್ನು ಬಟ್ಟೆಯ ಕೆಲಸಕ್ಕೆ ತಂದವನು ಫ್ರಾನ್ಸಿನ ಬರ್ತೊಲೆ. ಆದರೆ ಅನಿಲವನ್ನು ಹೊತ್ತು ತಿರುಗುವವರಾರು? ಅದನ್ನು ಅರಳಿದ ಸುಣ್ಣಕ್ಕೆ ಹೀರಿಸಿದ ಪುಡಿಗೆ 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನಂಟ್ ಹಕ್ಕುಪತ್ರ ಪಡೆದ. ಅದೇ ಬ್ಲೀಚಿಂಗ್ ಪುಡಿ. ಅಗ್ಗ, ಸಾಗಿಸಲು ಸುಲಭ.

ಅದನ್ನು ಕುಡಿಯುವ ನೀರಿಗೆ ಹಾಕುವುದೆಂದರೆ ಮಾತ್ರ ವಿಷ ಬೆರೆಸಿದಂತೆಯೇ ಎಂದು ಜನ ಹೆದರುತ್ತಿದ್ದರು. 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿಗೆ ನೀರೊದಗಿಸುವ ಜಲಾಶಯಕ್ಕೆ ವೈದ್ಯ ಜಾನ್ ಲೀಲ್, ಜನರಿಗೆ ಮೊದಲೇ ತಿಳಿಸದೆ, ಈ ಪುಡಿಯ ದ್ರಾವಣವನ್ನು ಸೇರಿಸಲು ತೊಡಗಿದ. ವಿಷಯ ನ್ಯಾಯಾಲಯದ ಕಟ್ಟೆ ಹತ್ತಿತು. ವಿಧಾನ ಸುರಕ್ಷಿತವೆಂದು ಕೊನೆಗೆ ಒಪ್ಪಿತವೂ ಆಯಿತು. ಒಂದೆರಡು ವರ್ಷಗಳಲ್ಲೇ ಬ್ರೌನ್ ವಿಶ್ವವಿದ್ಯಾಲಯದ ಈಜುಕೊಳಕ್ಕೂ ಅದು ಇಳಿಯಿತು.

ಆದರೆ ಪುಡಿ ಸುರಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನೀರಿನ ಹುಳಿ-ಕ್ಷಾರಗಳ ಹದವೇ ಕ್ಲೋರಿನ್ನಿನ ಬಲವನ್ನು ನಿರ್ಧರಿಸುತ್ತದೆ. ಈ ಹದಕ್ಕೆ 1909ರಲ್ಲಿ ‘ಪಿಎಚ್’ ಎಂಬ ಅಳತೆ ಕೊಟ್ಟವನು ಸೋರೆನ್‌ಸೆನ್. ಅವನಿದ್ದದ್ದು ಕೋಪನ್‌ಹೇಗನ್ನಿನ ಬಿಯರ್ ಕಂಪೆನಿ ಕಾರ್ಲ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿ! ಪಿಎಚ್ 7.2 ಇದ್ದರೆ ನೀರಿನಲ್ಲಿನ ಕ್ಲೋರಿನ್ನಿನ ಸುಮಾರು ಮೂರನೆಯ ಎರಡು ಪಾಲು ರೋಗಾಣುಗಳನ್ನು ಚುರುಕಾಗಿ ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಅದು ಕಾಲುಭಾಗಕ್ಕೆ ಇಳಿಯುತ್ತದೆ. ಇದನ್ನು ಅಳೆದು ನೋಡದೆ ಮತ್ತೆ ಮತ್ತೆ ಕ್ಲೋರಿನ್ ಸುರಿಯುವವರು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಪರೀಕ್ಷೆಯ ಪುಟ್ಟ ಪೆಟ್ಟಿಗೆಗಿಂತ ಉಳಿತಾಯದ ವಸ್ತು ಬೇರೆ ಇಲ್ಲ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಹಿತ್ತಲುಗಳಲ್ಲಿ ಕೊಳಗಳು ಹೆಚ್ಚಿದವು, ಅವುಗಳ ಹಿಂದೆಯೇ ಅಂಗಡಿಗಳೂ. ಅಲ್ಲಿ ದೊಡ್ಡ ಹೆಸರಿನ ಡಬ್ಬಗಳಲ್ಲಿ ಸಿಗುವ ‘ಕ್ಷಾರೀಯತೆ ಹೆಚ್ಚಿಸುವ’ ಪುಡಿ ಬಹುತೇಕ ಅಡುಗೆ ಸೋಡಾವೇ. ಪಿಎಚ್ ಏರಿಸುವುದು ವಾಷಿಂಗ್ ಸೋಡಾ. ಈ ಸೋಡಾಗಳನ್ನು ಅಗ್ಗ ಮಾಡಿದ್ದು 1860ರ ದಶಕದಲ್ಲಿ ಬೆಲ್ಜಿಯಮ್ಮಿನ ಸೋಲ್ವೆ ಕಂಡುಹಿಡಿದ ವಿಧಾನ. ದ್ರವ ಕ್ಲೋರಿನ್ ಎಂಬುದೂ ಬಟ್ಟೆಗೆ ಹಾಕುವ ಬ್ಲೀಚಿನ ಗಟ್ಟಿ ರೂಪವಷ್ಟೆ. ಅನುಕೂಲವೆಂದು ಕೊಳ್ಳುವ ಮಾತ್ರೆಗಳಲ್ಲಿ ಬಿಸಿಲಿನಿಂದ ಕ್ಲೋರಿನ್ನನ್ನು ಕಾಪಾಡುವ ಸಯನ್ಯೂರಿಕ್ ಆಮ್ಲವೂ ಇರುತ್ತದೆ. ಅದು ದಿನೇ ದಿನೇ ಸೇರುತ್ತ ಹೋಗಿ ಕ್ಲೋರಿನ್ನನ್ನೇ ಮಂಕು ಮಾಡುತ್ತದೆ. ಆಗ ಕೊಳದ ಒಂದಿಷ್ಟು ನೀರನ್ನು ಹೊರಚೆಲ್ಲಿ ಹೊಸ ನೀರು ತುಂಬುವುದೇ ದಾರಿ. ಅಗ್ಗದ ಲೆಕ್ಕದಲ್ಲಿ ಮರೆಯಬಾರದ ಮಾತೊಂದಿದೆ: ಪಿಎಚ್ ಇಳಿಸುವ ಆಮ್ಲವನ್ನೂ ಬ್ಲೀಚನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸಿದರೆ ಏಳುವುದು ಶೀಲೆಯ ಅದೇ ವಿಷಾನಿಲ.

ಕರ್ನಾಟಕದ ಹಳ್ಳಿಗರಿಗೆ ಈ ಪುಡಿ ಹೊಸದಲ್ಲ. ಕಾಲರಾ, ವಾಂತಿಭೇದಿಯ ಭಯವಿದ್ದಾಗ ಬಾವಿಗೆ ಹಾಕುವುದು ಅದನ್ನೇ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಆಮೇಲೆ ಅರ್ಧ ಗಂಟೆ ಕಾಯಬೇಕು. ತಾಜಾ ಪುಡಿಯಲ್ಲಿ ನೂರಕ್ಕೆ 33ರಷ್ಟು ಕ್ಲೋರಿನ್ ದೊರೆಯುತ್ತದೆ. ಬಾಯಿ ಬಿಚ್ಚಿದ ಚೀಲದಲ್ಲಿ ಗಾಳಿ, ತೇವ ತಾಗಿದರೆ ಅದು ಸೋರಿ ಹೋಗಿ, ಉಳಿಯುವುದು ಬಹುಪಾಲು ಸುಣ್ಣ.